ಗೆರಟೆಯೊಳಗಿನ ನೊರೆ

"ಅಯ್ಯೋ ದೇವರೇ... ನನ್ನ ಗೆರಟೆಗಳು!"

ಶಿರ್ತಾಡಿ ದಾಟಿದ ಮೇಲಿನ ತಿರುವಿನಲ್ಲಿ ಬಸ್ಸು ವಾಲಿತು. ಸರಸಳ ತೊಡೆಯ ಮೇಲಿದ್ದ ಬುಟ್ಟಿ ಮಗುಚಿ, ತೆಂಗಿನ ಚಿಪ್ಪಿನ ಗೆರಟೆಗಳು ಬಸ್ಸಿನ ತುಂಬ ಉರುಳತೊಡಗಿದವು. ಒಂದು ಯಾರದೋ ಕೋಳಿಬುಟ್ಟಿಗೆ ಬಡಿದು ಕೋಳಿ ಕೊಕ್ಕೊಕ್ಕೋ ಎಂದಿತು. ಒಂದು ಡ್ರೈವರನ ಕಾಲಬುಡಕ್ಕೇ ಹೋಯಿತು. ಇನ್ನೊಂದು, ಟಿಕೇಟು ಹರಿಯುತ್ತ ಬರುತ್ತಿದ್ದ ಕಂಡಕ್ಟರನ ಚಪ್ಪಲಿಯಡಿಗೆ...

ಧಡ್!

ಕಂಡಕ್ಟರ್ ಲೋಕನಾಥ ಬಿದ್ದದ್ದು ನೇರವಾಗಿ ಅವಳ ಕಾಲ ಬಳಿ.

"ಯಾರದ್ದು ಮಾರಾಯ್ರೆ ಈ ಗೆರಟೆ? ಬಸ್ಸು ಅಂದ್ರೆ ನಿಮ್ಮ ಅಡಿಗೆಮನೆಯಾ..." ಎಂದು ಗದರುತ್ತ ತಲೆಯೆತ್ತಿದವನ ಮಾತು ಅಲ್ಲಿಗೇ ನಿಂತಿತು.

ಎರಡು ಕಣ್ಣುಗಳು ಅವನನ್ನು ನೋಡುತ್ತಿದ್ದವು. ಈಗಲೋ ಆಗಲೋ ತುಂಬಿ ಹರಿಯುವಂತಿದ್ದ ಕಣ್ಣುಗಳು.

ಅವನು ಮೆಲ್ಲನೆ ಎದ್ದು ಗೆರಟೆಯನ್ನು ಕೈಗೆತ್ತಿಕೊಂಡ. ಒಳಗೆ ದಂತದ ಬಣ್ಣದ ಏನೋ ಹೆಪ್ಪುಗಟ್ಟಿತ್ತು. ಲಾವಂಚದ ಪರಿಮಳ.

"ಇದು ಎಂತದು? ತುಪ್ಪವಾ?"

"ಅಲ್ಲ... ಸಾಬೂನು."

"ಗೆರಟೆಯಲ್ಲಿ ಸಾಬೂನಾ?"

"ಗಡ್ಡ ತೆಗೆಯುವ ಸಾಬೂನು." ಅವಳ ದನಿ ಎಲ್ಲೋ ಬಾವಿಯೊಳಗಿಂದ ಬಂದಂತಿತ್ತು.

ಹಿಂದಿನ ಸೀಟಿನ ಮುದುಕಿಯೊಬ್ಬಳು ಸುಮ್ಮನಿರಲಿಲ್ಲ. "ನಿನಗೆ ಗಡ್ಡ ಉಂಟಾ ಮಗಾ?"

ಇಡೀ ಬಸ್ಸು ನಕ್ಕಿತು. ಲೋಕನಾಥ ಮಾತ್ರ ನಗಲಿಲ್ಲ. ಅವನ ಕೆನ್ನೆಯ ತುಂಬ ಬ್ಲೇಡಿನ ಗಾಯಗಳಿದ್ದವು, ಬೆಕ್ಕು ಪರಚಿದ ಹಾಗೆ!

"ಕಂಡಕ್ಟರನ ಮುಖ ದಿನಾ ನುಣ್ಣಗೆ ಇರಬೇಕು ಅಂತ ಬಸ್ಸಿನ ಧನಿಗಳ ಆರ್ಡರು," ಎಂದ ಅವನು ಕೆನ್ನೆ ಮುಟ್ಟಿಕೊಂಡು. "ಬಟ್ಟೆ ಒಗೆಯುವ ಸಾಬೂನು ಉಜ್ಜಿ ಬ್ಲೇಡ್ ಎಳೆಯುವುದು. ನೋಡಿ ಅವಸ್ಥೆ."

ಆ ಮುಖ ನೋಡಿ ಸರಸಳಿಗೆ ತನ್ನ ಅವಮಾನ ಮರೆತೇಹೋಯಿತು. "ಹಾಗಾದ್ರೆ ಇದೊಂದು ಇಟ್ಕೊಳ್ಳಿ. ಬಳಸಿ ನೋಡಿ ಹೇಳಿ. ಬ್ರಷ್ ಉಂಟಲ್ಲ ನಿಮ್ಮಲ್ಲಿ? ಬ್ರಷ್ ಇಲ್ಲದೆ ಇದರ ನೊರೆ ಏಳುವುದಿಲ್ಲ."

ಇಲ್ಲ ಎಂದರೆ ಮುಗಿಯುತ್ತಿತ್ತು. ಆದರೆ ಈಗತಾನೆ ಎಲ್ಲರೆದುರು ಮಗುಚಿ ಬಿದ್ದ ಗಂಡಸು, ಅಂಥ ಕಣ್ಣುಗಳ ಎದುರು ನಿಂತು ಇಲ್ಲ ಎನ್ನುವುದು ಹೇಗೆ?

"ಓ... ಉಂಟು! ಬೊಂಬಾಯಿಯದ್ದು!"

ಸ್ಟಿಯರಿಂಗ್ ಹಿಡಿದಿದ್ದ ಡ್ರೈವರ್ ಹಸನಬ್ಬನಿಗೆ ಇದ್ದಕ್ಕಿದ್ದಂತೆ ಕೆಮ್ಮು ಬಂತು. ಲೋಕನಾಥನ ಬಾಡಿಗೆ ಕೋಣೆಯಲ್ಲಿ ಒಂದು ಚಾಪೆ, ಒಂದು ರೇಜರು ಬಿಟ್ಟರೆ ಬೇರೇನೂ ಇಲ್ಲವೆಂದು ಅವನಿಗೆ ಗೊತ್ತಿತ್ತಲ್ಲ!

*

ಸರಸ ಅಜ್ಜಿಯ ಕತೆಗಳಲ್ಲಿ ಬೆಳೆದ ಹುಡುಗಿ. ಏಳು ಕಡಲಿನಾಚೆಯಿಂದ ಬಿಳಿ ಕುದುರೆಯೇರಿ ಬರುವ ರಾಜಕುಮಾರನನ್ನು ಅಜ್ಜಿ ಪೂವಮ್ಮ ಅದೆಷ್ಟು ಸಲ ಅವಳ ಕಣ್ಣೆದುರು ಇಳಿಸಿದ್ದಳೋ! ಕುದುರೆಯ ಬದಲು ಹೊಗೆಯುಗುಳುವ ಬಸ್ಸು, ಕಿರೀಟದ ಬದಲು ಖಾಕಿ ಟೊಪ್ಪಿ, ಅದೂ ಕೆನ್ನೆ ತುಂಬ ಗಾಯ... 'ಛೀ, ನಾನು ಎಂತ ಯೋಚಿಸ್ತಾ ಇದ್ದೇನೆ!' ಎಂದು ಆ ಸಂಜೆ ಅವಳು ತನ್ನನ್ನೇ ಬೈದುಕೊಂಡಳು.

ಹೊಸ ಮೈಸೂರು ರಾಜ್ಯವಾಗಿ ಇನ್ನೂ ಹೆಚ್ಚು ಕಾಲವಾಗಿರಲಿಲ್ಲ. ಮೂಡಬಿದ್ರಿಯಲ್ಲಿ ಹೆಣ್ಣುಮಕ್ಕಳಿಗೆ ಸಾಬೂನು ಮಾಡುವುದನ್ನು ಕಲಿಸುತ್ತಾರೆಂದು ಕೇಳಿ ಸರಸ ಹಟ ಹಿಡಿದು ಹೋಗಿದ್ದಳು. ಬಟ್ಟೆಯ ಸಾಬೂನನ್ನು ಎಲ್ಲರೂ ಮಾಡಿದರು. ಇವಳಿಗೆ ಬೇರೆಯೇ ಹುಚ್ಚು. ಒಣಗಿದ ಬಾಳೆದಿಂಡನ್ನು ಸುಟ್ಟು, ಬೂದಿಯ ನೀರನ್ನು ಸೋಸಿ ಕಾಯಿಸಿ, ಬಂಟ್ವಾಳದ ಗಾಣದ ತೆಂಗಿನೆಣ್ಣೆಗೆ ಪುನರ್ಪುಳಿ ಹಣ್ಣಿನ ಬೀಜದ ತುಪ್ಪ ಸೇರಿಸಿ ಕುದಿಸಿದಳು. ಅದು ಮೆತ್ತಗೆ, ಬೆಣ್ಣೆಯಂತೆ ಬಂತು. ಗೆರಟೆಗೆ ಎರೆದು ಅಟ್ಟದಲ್ಲಿಟ್ಟು ಹದಕ್ಕೆ ಬಿಟ್ಟಳು.

ಆದರೆ ತಾಯಿಯಿಲ್ಲದ ಹುಡುಗಿ. ಮನೆಯ ಯಜಮಾನಿಕೆ ಸೋದರಮಾವ ಸುಬ್ಬಯ್ಯನದ್ದು. ಮಾವ ಕೆಟ್ಟವನಲ್ಲ, ಆದರೆ ಅವನ ಮಾತೆಂದರೆ ಕಲ್ಲಿನ ಮೇಲೆ ಕೊರೆದ ಗೆರೆ.

"ನೋಡು ಸರಸ, ಚಾರ್ಮಾಡಿಯ ರುಕ್ಮಯ್ಯನವರ ಕಡೆಯಿಂದ ಕೇಳಿಕೊಂಡು ಬಂದಿದ್ದಾರೆ. ಹೆಂಡತಿ ತೀರಿ ವರ್ಷವಾಯಿತು. ಗುಡ್ಡೆಯಲ್ಲಿ ರಬ್ಬರ್ ಹಾಕಿದ್ದಾರೆ, ಉಣ್ಣಲಿಕ್ಕೆ ಕಡಿಮೆ ಇಲ್ಲ. ಮೂಡಬಿದ್ರಿ ಸೊಸೈಟಿಯ ಅಂಗಡಿಯಲ್ಲಿ ನಿನ್ನ ಸಾಬೂನು ಇಟ್ಟುಕೊಂಡರೆ ನಾನು ಈ ಸುದ್ದಿ ಎತ್ತುವುದಿಲ್ಲ, ನಿನ್ನ ಇಷ್ಟ. ಬೇಡ ಅಂದರೆ ಮಾತ್ರ ನಾನು ಮಾತು ಕೊಡುವವನೇ."

ಬಸ್ಸಿನಲ್ಲಿ ಬುಟ್ಟಿ ಮಗುಚಿದ ಆ ದಿನವೇ ಸೊಸೈಟಿಯ ಮ್ಯಾನೇಜರ್ ಮುಂಡಪ್ಪನವರು ಗೆರಟೆಯನ್ನು ತಿರುಗಿಸಿ ತಿರುಗಿಸಿ ನೋಡಿ, "ಹೆಂಗಸು ಮಾಡಿದ ಸಾಬೂನಿನಲ್ಲಿ ಗಂಡಸು ಗಡ್ಡ ತೆಗೆಯುವುದಾ? ಬಳಸಿದವನೊಬ್ಬನನ್ನು ಸೋಮವಾರ ಕರ್ಕೊಂಡು ಬಾ. ಅವನ ಮುಖ ನೋಡಿ ಮತ್ತೆ ಮಾತಾಡುವ," ಎಂದುಬಿಟ್ಟರು.

ಒಂದು ಮುಖ! ಅವಳ ಇಡೀ ಬದುಕು ಈಗ ಒಬ್ಬ ಗಂಡಸಿನ ಕೆನ್ನೆಯ ಮೇಲೆ ನಿಂತಿತ್ತು.

*

"ನೊರೆ ಮೊಸರಿನ ಹಾಗೆ ನಿಲ್ತದಾ?" ಮರುದಿನ ಬಸ್ಸಿನಲ್ಲಿ ಅವಳು ಪಿಸುದನಿಯಲ್ಲಿ ಕೇಳಿದಳು.

ಬರಿಗೈಯಲ್ಲಿ ಉಜ್ಜಿದರೆ ಎಂಥ ನೊರೆ? ಬೆಳಿಗ್ಗೆ ಕೆನ್ನೆಯ ಮೇಲೆ ಬಂದದ್ದು ಗಂಜಿತಿಳಿಯಂಥ ನೀರು. ಆದರೆ ಅವಳ ಕಣ್ಣಿನಲ್ಲಿ ದೀಪವೊಂದು ಉರಿಯುತ್ತಿತ್ತು. ಅದನ್ನು ಆರಿಸುವ ಶಕ್ತಿ ಅವನಿಗೆಲ್ಲಿ?

"ನಿಲ್ತದೆ... ಗಟ್ಟಿ ಮೊಸರು!"

"ನಿಜವಾ?"

"ಆಣೆ!"

ಅವಳು ನಕ್ಕಳು. ಅಷ್ಟೇ. ಆ ನಗುವಿಗೆ ಅವನು ವೇಣೂರಿನ ಮೂರು ಮಂದಿಗೆ ಟಿಕೇಟು ಕೊಡುವುದನ್ನೇ ಮರೆತ.

ಆಮೇಲೆ ದಿನವೂ ಅವಳಿಗೆ ಮೂಡಬಿದ್ರಿಯಲ್ಲಿ ಏನಾದರೊಂದು ಕೆಲಸ. ದಿನವೂ ಕಂಡಕ್ಟರನಿಗೆ ಅವಳ ಸೀಟಿನ ಬಳಿಯೇ ಚಿಲ್ಲರೆಯ ಹುಡುಕಾಟ. ಅವನು ಫರಂಗಿಪೇಟೆಯ ಹೋಟೆಲೊಂದರ ಹಿತ್ತಿಲಲ್ಲಿ ಲೋಟ ತೊಳೆಯುತ್ತ ಬೆಳೆದವನೆಂದು ಅವಳಿಗೆ ತಿಳಿಯಿತು. ಬೊಂಬಾಯಿಯ ಬ್ರಷ್ಷು, ಅದರ ನೊರೆ ಎರಡನ್ನು ಬಿಟ್ಟರೆ ಅವನು ಅವಳಿಗೆ ಹೇಳಿದ್ದೆಲ್ಲ ನಿಜವೇ.

"ಸೋಮವಾರ ಸೊಸೈಟಿಗೆ ಬರ್ತೀರಾ?" ಎಂದು ಅವಳು ಕೇಳಿದಳು. "ನೀವು ಬಾರದಿದ್ರೆ ನಾನು... ಚಾರ್ಮಾಡಿಗೆ ಹೋಗ್ಬೇಕಾಗ್ತದೆ. ಮದುವೆಯಾಗಿ."

ಅವನು ಟಿಕೇಟಿನ ಕಟ್ಟನ್ನು ಜೇಬಿಗಿಳಿಸಿದ. "ಬರ್ತೇನೆ. ನುಣ್ಣಗಿನ ಮುಖದಲ್ಲಿ ಬರ್ತೇನೆ."

*

ಬ್ರಷ್! ಎಲ್ಲಿಂದ ತರುವುದು ಬ್ರಷ್?

ಶನಿವಾರ ಸಂಜೆ ಚಾರ್ಮಾಡಿಯಲ್ಲಿ ಬಸ್ಸು ತಿರುಗಿ ನಿಂತಾಗ ಅವನಿಗೊಂದು ಉಪಾಯ ಹೊಳೆಯಿತು. ಸುಣ್ಣ ಬಳಿಯುವವರು ಹಸಿ ಕೋಲಿನ ತುದಿ ಜಜ್ಜಿ ಕುಂಚ ಮಾಡುವುದಿಲ್ಲವೇ? ಅದರಂತೆಯೇ ಒಂದು ಸಣ್ಣದು! ಘಾಟಿಯ ಬುಡದ ಕಾಡಂಚಿನಲ್ಲಿ ಕೈಗೆ ಸಿಕ್ಕಿದ ಮರದಿಂದ ಬೆರಳುದ್ದದ ರೆಂಬೆ ಮುರಿದ. ಮುರಿದಲ್ಲಿಂದ ಒಸರಿದ ಸೊನೆ ನೋಡುನೋಡುತ್ತ ಕಪ್ಪಾಯಿತು. ಅಲ್ಲಿಯ ಯಾವ ಮಗು ಕಂಡರೂ ಓಡಿಹೋಗುತ್ತಿತ್ತು. ಅದು ಚೇರೆ ಮರ! ಅದರ ಸೊನೆ ತಾಗಿದರೆ ಮೈ ಬೆಂದಂತೆ ಉಬ್ಬುತ್ತದೆ. ಆದರೆ ಹೊಳೆಬದಿಯ ಪೇಟೆಯಲ್ಲಿ ಬೆಳೆದವನಿಗೆ ಮರವೆಂದರೆ ಮರ, ಅಷ್ಟೇ.

ಭಾನುವಾರ ಬೆಳಿಗ್ಗೆ ಕಲ್ಲಿನ ಮೇಲೆ ಜಜ್ಜಿದ. ನಾರು ಬಿಟ್ಟಿತು. ಗೆರಟೆಯೊಳಗೆ ತಿರುವಿದ...

ನೊರೆ ಎದ್ದಿತು!

ಬೆಳ್ಳಗೆ, ದಟ್ಟವಾಗಿ, ಗೆರಟೆಯ ಅಂಚು ಮೀರಿ ಉಕ್ಕಿತು. ಕೆನ್ನೆಗೆ ಹಚ್ಚಿದರೆ ಜಾರಲೊಲ್ಲದು. ಬ್ಲೇಡು ಬೆಣ್ಣೆಯ ಮೇಲೆಂಬಂತೆ ಹೋಯಿತು. ಒಂದು ಗಾಯವಿಲ್ಲ, ಒಂದು ಉರಿಯಿಲ್ಲ!

'ಸರಸಾ... ನೀನು ಹೇಳಿದ್ದು ನಿಜ ಮಾರಾಯ್ತಿ! ಮೊಸರಿನ ಹಾಗೆಯೇ ನಿಲ್ತದೆ!' ಎಂದು ಒಬ್ಬನೇ ನಕ್ಕ.

ಸೋಮವಾರ ಬೆಳಿಗ್ಗೆ ಅವನ ಕಣ್ಣು ತೆರೆಯಲಿಲ್ಲ. ಉಬ್ಬಿದ ರೆಪ್ಪೆಗಳು ಅಂಟಿಕೊಂಡಿದ್ದವು.

*

ಸೊಸೈಟಿಯ ಜಗಲಿಯಲ್ಲಿ ಸರಸ ಬೆಳಿಗ್ಗೆಯಿಂದ ಕಾಯುತ್ತಿದ್ದಳು. ಕೊನೆಗೆ ತಲೆಯಿಂದ ಗಲ್ಲದವರೆಗೆ ಮೈ ಒರೆಸುವ ಬೈರಾಸು ಸುತ್ತಿಕೊಂಡ ಒಬ್ಬ, ಹಸನಬ್ಬನ ಕೈ ಹಿಡಿದು ಮೆಟ್ಟಿಲು ಹತ್ತಿದ.

"ಯಾರು ಇದು?" ಎಂದರು ಮುಂಡಪ್ಪ.

ಅವನು ಬೈರಾಸು ಸರಿಸಿದ.

ಸರಸಳ ಕೈಯಲ್ಲಿದ್ದ ಗೆರಟೆ ಕೆಳಗೆ ಬಿತ್ತು. ಆ ಮುಖದಲ್ಲಿ ಮುಖವೇ ಇರಲಿಲ್ಲ! ಕೆಂಪಗೆ ಉಬ್ಬಿದ ಕೆನ್ನೆಗಳು, ನೀರು ತುಂಬಿದ ಗುಳ್ಳೆಗಳು, ಗೆರೆಯಂಥ ಕಣ್ಣುಗಳು.

"ಶಿವಶಿವಾ! ಇದಾ ನಿನ್ನ ಸಾಬೂನು?" ಮುಂಡಪ್ಪ ಹಿಂದೆ ಸರಿದರು. "ಇದನ್ನು ಅಂಗಡಿಯಲ್ಲಿಟ್ಟರೆ ಊರಿನ ಗಂಡಸರೆಲ್ಲ ಹೀಗೆ ಬೈರಾಸು ಸುತ್ಕೊಂಡು ತಿರುಗಬೇಕಾದೀತು!"

"ಸಾಬೂ... ಅಲ್ಲ... ಅದು..." ಲೋಕನಾಥನ ದಪ್ಪ ತುಟಿಗಳಿಂದ ಮಾತು ಹೊರಡಲೊಲ್ಲದು. ಹೊರಟರೂ ಏನು ಹೇಳಿಯಾನು? ಏನಾಯಿತೆಂದು ಅವನಿಗೇ ತಿಳಿದಿರಲಿಲ್ಲ. ಆದರೂ ಕೊಟ್ಟ ಮಾತಿಗೆ ಬಂದಿದ್ದ... ಬಂದದ್ದೇ ಅವಳ ಪಾಲಿಗೆ ಮುಳುವಾಯಿತು.

ಅವಳು ಅವನನ್ನು ಮುಟ್ಟುವಂತಿಲ್ಲ, ಸಂತೈಸುವಂತಿಲ್ಲ.

'ನಾನೇ ಸುಟ್ಟುಹಾಕಿದೆ ಈ ಮುಖವನ್ನು... ನನ್ನ ಕೈಯಾರೆ!'

*

ಸುಬ್ಬಯ್ಯ ಮಾವ ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು. "ಆಯ್ತಲ್ಲ? ಗುರುವಾರ ನಾನು ಚಾರ್ಮಾಡಿಗೆ ಹೋಗ್ತೇನೆ," ಎಂದಷ್ಟೇ ಹೇಳಿ ಕೈತೊಳೆದ.

ಸರಸಳ ಮನಸ್ಸಿನಲ್ಲಿ ಒಂದೇ ಮುಳ್ಳು. ಬಾಳೆದಿಂಡಿನ ಬೂದಿ ಸಾಲದೆ ಅಕ್ಕಪಕ್ಕದ ಒಲೆಗಳ ಬೂದಿಯನ್ನೂ ಬೆರೆಸಿದ್ದಳು. ಯಾರ ಒಲೆಯಲ್ಲಿ ಏನು ಉರಿದಿತ್ತೋ! ತಿಳಿಯುವ ದಾರಿ ಒಂದೇ.

ಹಿತ್ತಿಲ ಬಾವಿಕಟ್ಟೆಯ ಮರೆಯಲ್ಲಿ ಕೂತು, ತೆಂಗಿನ ನಾರಿನಿಂದ ನೊರೆ ಎಬ್ಬಿಸಿ, ತನ್ನ ಕೆನ್ನೆಗೆ, ಗಲ್ಲಕ್ಕೆ, ಮೂಗಿನ ಕೆಳಗೆಲ್ಲ ದಪ್ಪಗೆ ಬಳಿದುಕೊಂಡಳು. ಕಣ್ಣು ಮುಚ್ಚಿ ಉರಿಗಾಗಿ ಕಾದಳು.

"ಎಂತ ಮಗಾ ಇದು!" ನೀರಿಗೆ ಬಂದ ಪೂವಮ್ಮಜ್ಜಿ ಕೊಡಪಾನ ಹಿಡಿದೇ ನಿಂತಳು. "ಗಡ್ಡ ಬಂತಾ ನಿನಗೆ?"

ನಗಲು ಹೋಗಿ ಸರಸ ಅತ್ತುಬಿಟ್ಟಳು. ಬಿಳಿ ನೊರೆಯ ಮೇಲೆ ಕಣ್ಣೀರು ದಾರಿ ಮಾಡಿಕೊಂಡು ಇಳಿಯಿತು. ಅಜ್ಜಿ ಸೆರಗು ಒದ್ದೆ ಮಾಡಿ ಆ ಮುಖವನ್ನು ಒರೆಸಿದಳು. ಎಲ್ಲ ಅವಳಿಗೆ ಅರ್ಥವಾಗಿತ್ತು.

"ಆ ಕಂಡಕ್ಟರ್ ಹುಡುಗನಾ?"

ಸರಸ ತಲೆಯಾಡಿಸಿದಳು.

ಮರುದಿನ ಅವಳ ಕೆನ್ನೆ ಹೂವಿನಂತಿತ್ತು. ಒಂದು ಗುಳ್ಳೆಯಿಲ್ಲ! ಹಾಗಾದರೆ ತಪ್ಪು ಸಾಬೂನಿನದಲ್ಲ... ಮತ್ತೆ? ಆ ಬೊಂಬಾಯಿಯ ಬ್ರಷ್? ಬಸ್ಸು ನಿಲ್ಲುವಲ್ಲಿ ಹಸನಬ್ಬನನ್ನು ಕಂಡು ಕೇಳಿಕೊಂಡಳು. "ಅಣ್ಣಾ, ಅವರ ಬ್ರಷ್ಷನ್ನು ಒಮ್ಮೆ ನೋಡ್ಬೇಕಿತ್ತು. ಕೊಡಿಸ್ತೀರಾ?"

ಹಿಂದಿರುಗಿ ಬಂದ ಉತ್ತರ: "ಬ್ರಷ್ ಕಳೆದುಹೋಯಿತಂತೆ."

ಹಸನಬ್ಬ ನೆಲ ನೋಡುತ್ತ ಹೇಳಿದ. ಅವನ ಮುಖ ನೋಡಿಯೇ ಸರಸಳಿಗೆ ತಿಳಿಯಿತು. ಸುಳ್ಳು! ಬ್ರಷ್ ಇರಲೇ ಇಲ್ಲ!

ಆಣೆ ಹಾಕಿ ಹೇಳಿದ್ದ... ಮೊಸರಿನ ಹಾಗೆ ಅಂದಿದ್ದ... ಎಲ್ಲ ಸುಳ್ಳೇ? ತನ್ನ ಬದುಕನ್ನು ಅವನ ಕೆನ್ನೆಯ ಮೇಲಿಟ್ಟಾಗ ಅವನು ಒಳಗೊಳಗೇ ನಗುತ್ತಿದ್ದನೇ? ಅಜ್ಜಿಯ ಕತೆಯ ರಾಜಕುಮಾರರು ರಾಕ್ಷಸನಿಗೂ ಸುಳ್ಳು ಹೇಳುತ್ತಿರಲಿಲ್ಲ.

"ಮಾವ ಚಾರ್ಮಾಡಿಗೆ ಹೋಗಲಿ ಅಜ್ಜಿ. ಇನ್ನು ನನಗೆ ಎಲ್ಲಿಯಾದರೂ ಒಂದೇ," ಎಂದಳು.

*

ಇತ್ತ ಬುಧವಾರ ಗಂಜಿ ತಂದ ಹಸನಬ್ಬ, ಕಿಟಕಿಯಲ್ಲಿದ್ದ ಕೋಲಿನ ತುಂಡಿಗೆ ಕೈಚಾಚಿದವನು ಬೆಂಕಿ ಮುಟ್ಟಿದಂತೆ ಹಿಂದೆಗೆದ.

"ಯಾ ಅಲ್ಲಾ! ಇದು ಚೇರೆಯಲ್ವಾ ಮಾರಾಯ? ಇದನ್ನು ಕಲ್ಲಿನಲ್ಲಿ ಜಜ್ಜಿ... ಮುಖಕ್ಕಾ?"

"ಚೇರೆ ಅಂದ್ರೆ?"

ಹಸನಬ್ಬ ತಲೆಯ ಮೇಲೆ ಕೈಹೊತ್ತು ಕುಳಿತ. ಎಲ್ಲ ಹೇಳಿದ. ಕೇಳುತ್ತ ಕೇಳುತ್ತ ಲೋಕನಾಥನಿಗೆ ಗುಳ್ಳೆಗಳಿಗಿಂತ ಒಳಗೆಲ್ಲೋ ಹೆಚ್ಚು ಉರಿಯತೊಡಗಿತು.

"ಒಂದು ಸುಳ್ಳಿನಿಂದ ಅವಳನ್ನು ಹಾಳು ಮಾಡಿದೆ ಹಸನಬ್ಬ... ಅದನ್ನು ಮುಚ್ಚಲಿಕ್ಕೆ ಇನ್ನೊಂದು ಹೇಳಿದೆ. ನಾಳೆ ನಾನು ಅವಳ ಮನೆಗೆ ಹೋಗ್ತೇನೆ."

"ಈ ಮುಖದಲ್ಲಾ?"

"ಬೇರೆ ಮುಖ ಎಲ್ಲಿಂದ ತರ್ಲಿ?"

*

ಗುರುವಾರ ಬೆಳಿಗ್ಗೆ ಸುಬ್ಬಯ್ಯ ಮಾವ ಕೊಡೆ ಹಿಡಿದು ಅಂಗಳಕ್ಕೆ ಇಳಿದಿದ್ದ. ಎದುರಿಗೆ ಬಂದು ನಿಂತವನನ್ನು ನೋಡಿ ಗಕ್ಕನೆ ನಿಂತ. ಅರ್ಧ ಸುಲಿದ ಚರ್ಮ, ಅಲ್ಲಲ್ಲಿ ಕಪ್ಪು ಕಲೆ. ಬಾಗಿಲ ಮರೆಯಲ್ಲಿದ್ದ ಸರಸ ಚೌಕಟ್ಟು ಹಿಡಿದುಕೊಂಡಳು.

"ನನ್ನಲ್ಲಿ ಬ್ರಷ್ ಇರಲಿಲ್ಲ," ಎಂದ ಲೋಕನಾಥ. ಮಾವನಿಗೆ ಹೇಳಿದನೋ ಬಾಗಿಲಿಗೆ ಹೇಳಿದನೋ! "ಬೊಂಬಾಯಿಯದ್ದು ಅಂತ ಸುಳ್ಳು ಹೇಳಿದೆ. ಮರ್ಯಾದೆಗೆ. ಆಮೇಲೆ ಚೇರೆಯ ಕೋಲು ಜಜ್ಜಿ ಬ್ರಷ್ ಮಾಡಿದೆ. ಮುಖ ಹೋದದ್ದು ಅದರಿಂದ. ಸಾಬೂನಿನದ್ದು ಎಂತ ತಪ್ಪೂ ಇಲ್ಲ. ಅಂಥ ಸಾಬೂನು ನಾನು ಜನ್ಮದಲ್ಲಿ ಕಂಡಿಲ್ಲ."

ಮಾವ ಅವನನ್ನು ಮೇಲಿಂದ ಕೆಳಗೆ ನೋಡಿದ. "ಒಮ್ಮೆ ಸುಳ್ಳು ಹೇಳಿದವನ ಈಗಿನ ಮಾತು ನಿಜ ಅಂತ ನಂಬುವುದು ಹೇಗೆ?"

ಸರಸಳಿಗೆ ಕಣ್ಣು ಕತ್ತಲಿಟ್ಟಿತು. ನಿಜ ಹೇಳಿದರೂ ನಂಬದ ಲೋಕದಲ್ಲಿ ಮಾಡುವುದಾದರೂ ಏನು?

ಅವಳಿಗೇ ತಿಳಿಯದಂತೆ ಕಾಲು ಹೊಸ್ತಿಲು ದಾಟಿತು.

"ಮಾವ... ನೀವು ಕೂತ್ಕೊಳ್ಳಿ."

"ಎಂತಕ್ಕೆ?"

"ನಿಮ್ಮ ಗಡ್ಡ ಬೆಳೆದಿದೆ. ನನ್ನ ಸಾಬೂನನ್ನು ಎಲ್ಲರೂ ಬೇಡ ಅಂದರು. ನೀವು ಒಮ್ಮೆಯೂ ಮುಟ್ಟಿ ನೋಡ್ಲಿಲ್ಲ." ಅವಳು ಮಣೆ ಎಳೆದು ಹಾಕಿದಳು. "ನಾಳೆ ಬೆಳಿಗ್ಗೆಗೆ ನಿಮ್ಮ ಮುಖದಲ್ಲಿ ಒಂದು ಗುಳ್ಳೆ ಬಂದರೂ ನಾನೇ ಚಾರ್ಮಾಡಿಯ ಬಸ್ಸು ಹತ್ತುತ್ತೇನೆ."

"ಹೋಗು ಹೋಗು! ನನ್ನ ಮುಖ ನನಗೆ ಬೇಕು!"

ಜಗಲಿಯ ಮೂಲೆಯಿಂದ ಪೂವಮ್ಮಜ್ಜಿಯ ದನಿ ಬಂತು. ವೀಳ್ಯ ಜಗಿಯುತ್ತಲೇ ಹೇಳಿದಳು. "ಹುಡುಗಿಯನ್ನು ಗುರುತಿಲ್ಲದ ಮನೆಗೆ ಕೊಡ್ಲಿಕ್ಕೆ ಧೈರ್ಯ ಉಂಟು. ಕೆನ್ನೆಗೆ ಚೂರು ನೊರೆ ಹಚ್ಚಲಿಕ್ಕೆ ಇಲ್ವಾ ಸುಬ್ಬಯ್ಯ?"

ಮಾವನ ಕೊಡೆ ಕೆಳಗಿಳಿಯಿತು.

ನಾರಿನ ಕುಂಚದಿಂದ ಸರಸ ನೊರೆ ಎಬ್ಬಿಸಿ ಕೊಟ್ಟಳು. ಮಾವ ಮೊದಲು ಬೆರಳ ತುದಿಯಲ್ಲಿ ಒಂದು ಬೊಟ್ಟು ಗಲ್ಲಕ್ಕೆ ಇಟ್ಟುಕೊಂಡು, ಉಸಿರು ಬಿಗಿಹಿಡಿದು ಕಾದ. ಏನೂ ಆಗಲಿಲ್ಲ. ಇನ್ನೊಂದು ಬೊಟ್ಟು. ಆಮೇಲೆ ಇಡೀ ಕೆನ್ನೆ. ರೇಜರು ಎಳೆದ... ಅವನ ಹುಬ್ಬು ಮೇಲೇರಿತು. ಇನ್ನೊಮ್ಮೆ ಎಳೆದ.

"ಹ್ಞೂಂ," ಎಂದ. ಚಾರ್ಮಾಡಿಯ ಬಸ್ಸು ಅಷ್ಟರಲ್ಲಿ ಹೋಗಿಯಾಗಿತ್ತು.

ಆ ದಿನ ಸರಸಳಿಗೆ ಅನ್ನ ಸೇರಲಿಲ್ಲ. ಮಾವ ಕೆನ್ನೆಗೆ ಕೈಯೊಯ್ದಾಗಲೆಲ್ಲ ಅವಳ ಜೀವ ಹಾರುತ್ತಿತ್ತು. ಆದರೆ ಅವನು ತುರಿಸುತ್ತಿರಲಿಲ್ಲ... ಸವರಿಕೊಳ್ಳುತ್ತಿದ್ದ! ಮರುದಿನ ಬೆಳಿಗ್ಗೆ ಕನ್ನಡಿಯ ಮುಂದೆ ಬಹಳ ಹೊತ್ತು ನಿಂತು, ಮದುಮಗನಂತೆ ಹೊಳೆಯುತ್ತಿದ್ದ ಮುಖ ಹೊತ್ತು ಹೊರಗೆ ಬಂದ.

"ಮುಂಡಪ್ಪನಿಗೆ ನಾನೇ ಹೋಗಿ ಈ ಮುಖ ತೋರಿಸ್ತೇನೆ. ಮತ್ತೆ... ಚಾರ್ಮಾಡಿಗೆ ಬೇಡ ಅಂತ ಹೇಳಿ ಕಳಿಸ್ತೇನೆ." ಎರಡು ಹೆಜ್ಜೆ ನಡೆದು ತಿರುಗಿದ. "ಆ ಸುಳ್ಳನಿಗೆ ಮನೆಗೆ ಬರ್ಲಿಕ್ಕೆ ಹೇಳು. ಔಷಧಿಯಾದರೂ ಹಚ್ಚುವ."

*

ಭಾನುವಾರ ಅವನು ಬಂದಾಗ ಅಜ್ಜಿ ತೆಂಗಿನೆಣ್ಣೆ ಹಚ್ಚಲು ಒಪ್ಪಲಿಲ್ಲ. "ಮೊದಲು ಗುಡ್ಡೆಯ ಶಾಂತಿ ಮರಕ್ಕೆ ಸುತ್ತು ಬಾ. ಚೇರೆ ಮುನಿದರೆ ಶಾಂತಿಯ ಹತ್ತಿರ ತಪ್ಪಾಯ್ತು ಅನ್ನಬೇಕು. ಆಗಲೇ ಉರಿ ಇಳಿಯುವುದು. ಸರಸ, ಮರ ತೋರಿಸು ಇವನಿಗೆ. ಮರ ಅಂದರೆ ಮರ ಅನ್ನುವವ ಇವ!"

ಗುಡ್ಡೆಯ ಮೇಲೆ ಎತ್ತರದ ಶಾಂತಿ ಮರ. ಲೋಕನಾಥ ಕೈಮುಗಿದು ಸುತ್ತತೊಡಗಿದ. ಸ್ವಲ್ಪ ಹೊತ್ತಿನ ಮೇಲೆ ಹಿಂದೆ ಬಳೆಯ ಸದ್ದು ಕೇಳಿ ತಿರುಗಿದರೆ ಸರಸಳೂ ಬರುತ್ತಿದ್ದಳು.

"ನೀವು ಯಾಕೆ? ನಿಮಗೆ ಚೇರೆ ತಾಗಲಿಲ್ಲವಲ್ಲ?"

"ನಿಮಗೆ ಮುಖಕ್ಕೆ ತಾಗಿತು," ಎಂದಳು ತಲೆತಗ್ಗಿಸಿ. "ನನಗೆ... ಒಳಗೆ."

ಅವನ ಕಣ್ಣು ತುಂಬಿತು. "ಸರಸ, ನನ್ನಲ್ಲಿ ಏನೂ ಇಲ್ಲ. ಬ್ರಷ್ಷೂ ಇಲ್ಲ, ಕನ್ನಡಿಯೂ ಇಲ್ಲ, ಮನೆಯೂ ಇಲ್ಲ. ಈಗ ಮುಖವೂ ಸರಿ ಇಲ್ಲ. ಆದರೆ ನೀವು ಇಲ್ಲದೆ ಆಗುವುದಿಲ್ಲ ನನಗೆ. ಇದು ಸುಳ್ಳಲ್ಲ."

ಅವಳು ಅವನ ಸುಲಿದ ಕೆನ್ನೆಯತ್ತ ಕೈಯೆತ್ತಿದಳು. ನೋವಾದೀತೆಂದು ಮುಟ್ಟದೆ, ಗಾಳಿಯಲ್ಲೇ ಹಿಡಿದಳು. ಮುಟ್ಟದ ಆ ಬೆರಳಿನ ತಂಪಿಗೆ ಅವನು ಕಣ್ಣು ಮುಚ್ಚಿದ.

"ಗೊತ್ತು," ಎಂದಳು. "ಇನ್ನು ಮುಂದೆ ಇಲ್ಲದ್ದನ್ನು ಇಲ್ಲ ಅಂತಲೇ ಹೇಳಿ. ನಾನು ನಗುವುದಿಲ್ಲ."

ಇಬ್ಬರೂ ಮತ್ತೆ ನಡೆದರು. ಅವನು ಮುಂದೆ, ಅವಳು ಹಿಂದೆ. ಆಮೇಲೆ ಯಾವಾಗಲೋ ಪಕ್ಕಪಕ್ಕದಲ್ಲಿ.

"ಎಷ್ಟು ಸುತ್ತಾಯಿತು?" ಎಂದು ಅವಳು ಕೇಳಿದಳು.

ದಿನವಿಡೀ ಟಿಕೇಟಿನ ಲೆಕ್ಕ ಇಡುವವನು ನಾಚಿಕೊಂಡ. "ಲೆಕ್ಕ ತಪ್ಪಿತು."

"ಹಾಗಾದ್ರೆ... ಮೊದಲಿಂದ ಸುತ್ತು ಬರುವ."

"ಬರುವ."